ಹಗುರ ರೈಫಲ್ ಯಾಕೆ ಬೇಕು?

ಮೊನ್ನೆ ಭಾನುವಾರ ಅಕ್ಕನ ಮಗ ಮಾದಾಪುರದಿಂದ (ನಮ್ಮ ಸೋಮವಾರಪೇಟೆ ಕಡೆಯದಲ್ಲ, ಇಲ್ಲಿಯ ಸಾಫ್ಟ್‌ವೇರ್ ಮಾದಾಪುರ) ಊಟಕ್ಕೆ ಬಂದಿದ್ದ. ಪಂದಿಕರಿ ಮುಗಿಸಿ ಕೈ ತೊಳೆಯೋ ಮೊದಲೇ ಕೇಳಿದ, "ಮಾವ, ಊರಲ್ಲಿಡೋಕೆ ಹಗುರವಾದ ಪಾಯಿಂಟ್ ಟೂಟೂ ರೈಫಲ್ ತಗೋಬೇಕು. ಮೊಲ, ಕಾಡುಕೋಳಿಗೆ ಸಾಕಾಗೋ ಥರದ್ದು. ಯಾವುದು ಒಳ್ಳೇದು?" ಸಿಕಂದರಾಬಾದಿಗೆ ಬಂದು ಇಪ್ಪತ್ತೆಂಟು ವರ್ಷದಲ್ಲಿ ಸೊಳ್ಳೆ ಬಿಟ್ಟು ಬೇರೇನೂ ಹೊಡೆಯದ ನನ್ನನ್ನು!

ಕೋವಿ ಗೊತ್ತಿಲ್ಲದವರಿಗೆ ಎರಡು ಮಾತು. ಈ ತೋಟೆಯಲ್ಲಿ ಕಿಡಿ ಹೊತ್ತಿಸುವ ಮದ್ದು ಹಿಂಬದಿಯ ಅಂಚಿನ ಸುತ್ತ ಇರುತ್ತದೆ, ಅದಕ್ಕೇ ರಿಮ್‌ಫೈರ್ ಅಂತ ಹೆಸರು. ಗುಂಡು ಸಾಮಾನ್ಯವಾಗಿ 40 ಗ್ರೇನ್, ಅಂದರೆ ಎರಡೂವರೆ ಗ್ರಾಂ ಚಿಲ್ಲರೆ. ಭುಜಕ್ಕೆ ಒದೆಯೋದಿಲ್ಲ, ಸದ್ದೂ ಕಮ್ಮಿ. ಹಾಗಂತ ಆಟಿಕೆ ಅಂದುಕೊಳ್ಳಬೇಡಿ, ಗುರಿ ತಪ್ಪಿದ್ದು ಒಂದು ಕಿಲೋಮೀಟರ್ ಆಚೆಗೂ ಹೋಗಬಲ್ಲದು. ಕಾಫಿ ತೋಟದ ಆ ಬದಿಯಲ್ಲಿ ಯಾರು ಹಣ್ಣು ಕೊಯ್ತಿರ್ತಾರೋ ಯಾರಿಗೆ ಗೊತ್ತು?

ಅವನ ಕಣ್ಣು ಎರಡೂವರೆ ಕೆಜಿಯ, ಗಿಡ್ಡ ನಳಿಗೆಯ ರೈಫಲ್ ಮೇಲೆ. ಹಗುರ ಯಾಕೆ ಬೇಕು ಹೇಳಿ? ದಿನವಿಡೀ ಹೆಗಲಿಗೆ ಹಾಕಿಕೊಂಡು ಕಾಡು ಅಲೆಯೋಕೆ. 1972ರ ವನ್ಯಜೀವಿ ಕಾಯ್ದೆಯಲ್ಲಿ ಸಣ್ಣ ಬೇಟೆಗೆ ಲೈಸೆನ್ಸ್ ಅಂತ ಒಂದು ಕಿಂಡಿ ಇತ್ತು, 1991ರ ತಿದ್ದುಪಡಿ ಅದನ್ನೂ ಮುಚ್ಚಿತು. ಈಗ ಮೊಲವೂ ಇಲ್ಲ, ಕಾಡುಕೋಳಿಯೂ ಇಲ್ಲ, ನಮ್ಮದೇ ತೋಟದೊಳಗೆ ಬಂದರೂ ಇಲ್ಲ. ಅಲೆದಾಟವೇ ಇಲ್ಲದ ಮೇಲೆ ಹಗುರ ಯಾಕೆ?

"ನಮಗೆ ವಿನಾಯಿತಿ ಇದೆಯಲ್ಲ ಮಾವ" ಅಂದ. ಇದೆಯಪ್ಪ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ 1861ರಿಂದ ಬಂದದ್ದು. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿತು, 2021ರಲ್ಲಿ ಹೈಕೋರ್ಟೂ ಎತ್ತಿಹಿಡಿಯಿತು. ಆದರೆ ಅದು ಕೋವಿ ಇಟ್ಟುಕೊಳ್ಳೋಕೆ, ಬೇಟೆಗಲ್ಲ. ಜಿಲ್ಲೆಯ ಹೊರಗಾದರೆ ಒಂದು ರೈಫಲ್ಲಿಗೆ 100 ತೋಟೆ ಅಂತ ಮಿತಿಯೂ ಉಂಟು. ಗಂಡುಮಗು ಹುಟ್ಟಿದರೆ ಒಂದು ಗುಂಡು, ಸಾವಿಗೆ ಎರಡು ಗುಂಡು ಹಾರಿಸುವ ಜನ ನಾವು. ನಮ್ಮ ಹುಡುಗನೊಬ್ಬ ಮೊಲ ಹೊಡೆದು ಸಿಕ್ಕಿಬಿದ್ದರೆ, ಈ ವಿನಾಯಿತಿ ಯಾಕೆ ಅಂತ ಕೇಳುವವರ ಕೈಗೆ ನಾವೇ ತೋಟೆ ತುಂಬಿ ಕೊಟ್ಟ ಹಾಗೆ. ಅಷ್ಟು ರುಚಿಯ ಮೊಲ ಯಾವುದೂ ಇಲ್ಲ. ಅವನು ಸುಮ್ಮನಾದ, ಒಪ್ಪಿದನೋ ಇಲ್ಲವೋ ಗೊತ್ತಿಲ್ಲ.

ಉಳಿದದ್ದು ತೆಂಗಿನಕಾಯಿ. ಕೈಲ್‌ಪೊಳ್ದ್ ಹೊತ್ತಿಗೆ ಊರೂರಲ್ಲಿ ನಡೆಯುವ ಗುಂಡು ಹೊಡೆಯುವ ಸ್ಪರ್ಧೆಗಳಲ್ಲಿ ಪಾಯಿಂಟ್ ಟೂಟೂಗೆ ಬೇರೆ ವಿಭಾಗವೇ ಇರುತ್ತದೆ. ಅಲ್ಲಿ ಹಗುರ ರೈಫಲ್ ಉಸಿರಾಡಿದರೂ ಅಲುಗುತ್ತೆ. 50 ಮೀಟರ್ ಪಂದ್ಯದ ರೈಫಲ್ 8 ಕೆಜಿವರೆಗೆ ಇರಬಹುದು ಅಂತ ನಿಯಮ ಇರೋದು ಸುಮ್ಮನೆ ಅಲ್ಲ. ಅಷ್ಟು ಬೇಡ, ದಪ್ಪ ನಳಿಗೆಯ ಮೂರೂವರೆ-ನಾಲ್ಕು ಕೆಜಿಯದ್ದು ನೋಡು ಅಂದೆ.

ನಿಮ್ಮ ಮನೆಯ ಹುಡುಗರು, ಹುಡುಗಿಯರು ಕೇಳಿದರೂ ಇದನ್ನೇ ಹೇಳಿ. ಅಂಗಡಿಯಲ್ಲಿ ಒಂದು ಸಲ ಎತ್ತಿ "ಆಹಾ ಹಗುರ" ಅಂತ ದುಡ್ಡು ಕೊಡಬೇಡಿ. ಮೊದಲು ಯಾವುದಾದರೂ ಶೂಟಿಂಗ್ ರೇಂಜಿಗೆ ಹೋಗಿ, ಅಲ್ಲಿಯವರ ರೈಫಲ್ಲಿನಲ್ಲಿ ಅರ್ಧ ಗಂಟೆ ಗುರಿ ಹಿಡಿದು ನಿಲ್ಲಿ. ಹಿಂಬದಿಯ ಮರ ಭುಜಕ್ಕೆ ಸರಿಯಾಗಿ ಕೂತಿತಾ, ಕುದುರೆ ಎಳೆಯುವಾಗ ನಳಿಗೆ ಸರಿಯಿತಾ, ಇವೆರಡು ನೋಡಿ. ಬೆಲೆ ಆಮೇಲೆ ಕೇಳಿ.