ಮೇಲುಕೋಟೆಗೆ ಎರಡು ಸಲ

ಮೂವತ್ತೈದು ವರ್ಷಗಳ ಕಾಲ ಮಕ್ಕಳಿಗೆ ಶಬ್ದರೂಪಗಳನ್ನು ಬಾಯಿಪಾಠ ಮಾಡಿಸಿ ನಿವೃತ್ತರಾದ ಮೇಲೆ ನಾವು ಮಾಡಿದ ಮೊದಲ ಕೆಲಸವೆಂದರೆ, ಪರಿಚಿತರೊಬ್ಬರಿಂದ ಗೇರುಗಳುಳ್ಳ ಹಳೆಯ ಬೈಸಿಕಲ್ಲೊಂದನ್ನು ಕೊಂಡದ್ದು. ವಾಚಕರು ನಗಬಾರದು, ಷಷ್ಟ್ಯಬ್ದಿಗೆಂದು ಮಕ್ಕಳು ಕೊಟ್ಟ ಹಣವನ್ನು ಹೀಗೆ ವಿನಿಯೋಗಿಸಿದೆವೆಂದು ಬಂಧುಗಳು ನಕ್ಕದ್ದೇ ಸಾಕಾಗಿದೆ. ಪ್ರಾತಃಕಾಲದಲ್ಲಿ ಮೈಸೂರಿನ ಸುತ್ತಮುತ್ತ ಹತ್ತು ಹದಿನೈದು ಕಿಲೋಮೀಟರು ತಿರುಗಿ ಬರುವುದು ನಮಗೆ ಅಭ್ಯಾಸವಾಯಿತು. ಅಭ್ಯಾಸದಿಂದ ಧೈರ್ಯವೂ, ಧೈರ್ಯದಿಂದ ದುರಾಶೆಯೂ ಹುಟ್ಟಿದುವು. ಕಳೆದ ವರ್ಷ ಮಾರ್ಗಶಿರದ ಒಂದು ಬೆಳಗಿನ ಜಾವ, ಸುಮಾರು 50 ಕಿಲೋಮೀಟರು ದೂರದ ಮೇಲುಕೋಟೆಗೆ ಹೋಗಿ ಕತ್ತಲಾಗುವುದರೊಳಗೆ ಹಿಂದಿರುಗುವೆವೆಂದು ಮನೆಯವರಿಗೆ ಹೇಳಿ ಹೊರಟೆವು.

ಬೆಂಗಳೂರು ಹೆದ್ದಾರಿಯ ವೇಗದ ನಡುರಸ್ತೆಯಲ್ಲಿ 2023ರ ಆಗಸ್ಟ್ 1ರಿಂದ ನಮ್ಮಂಥ ಸಣ್ಣ ವಾಹನದವರಿಗೆ ಪ್ರವೇಶ ನಿಲ್ಲಿಸಿದ್ದರಿಂದ, ನಾವು ಹಿಡಿದದ್ದು ಪಕ್ಕದ ಸರ್ವಿಸ್ ರಸ್ತೆಯನ್ನು. ಇದರಿಂದ ನಷ್ಟವೇನೂ ಆಗಲಿಲ್ಲ. ನಡುರಸ್ತೆಯವರಿಗೆ ಫಲಕಗಳು ಮಾತ್ರ ಕಾಣುತ್ತಿದ್ದರೆ, ನಮಗೆ ಹಾಲಿನ ಕ್ಯಾನು ಹೊತ್ತ ಗಾಡಿಗಳೂ, ಬಾಗಿಲಿಗೆ ರಂಗವಲ್ಲಿ ಇಡುತ್ತಿದ್ದ ಹೆಂಗಸರೂ ಕಾಣುತ್ತಿದ್ದರು. ಶ್ರೀರಂಗಪಟ್ಟಣದಲ್ಲಿ ಕಾವೇರಿಯು ಎರಡಾಗಿ ಒಡೆದು ದ್ವೀಪವನ್ನು ಅಪ್ಪಿಕೊಂಡಿದ್ದಾಳೆ. ದಿವಾನ್ ಪೂರ್ಣಯ್ಯನವರ ಕಾಲದಲ್ಲಿ, 1804ರಲ್ಲಿ, ಕಟ್ಟಿದ ವೆಲ್ಲೆಸ್ಲಿ ಸೇತುವೆಯ ಕಲ್ಲುಕಂಬಗಳನ್ನು ನೋಡಿ ಮುಂದುವರಿದೆವು. ಅಲ್ಲಿಂದ ಪಾಂಡವಪುರದವರೆಗೆ ವಿಶ್ವೇಶ್ವರಯ್ಯ ನಾಲೆಯ ನೀರುಂಡ ಸೀಮೆ. ಬತ್ತದ ಗದ್ದೆ, ಕಬ್ಬಿನ ತೋಟ, ಆಲೆಮನೆಯ ಬೆಲ್ಲದ ವಾಸನೆ. ಹೈದರ್ ಮತ್ತು ಟಿಪ್ಪುವಿನ ನೆರವಿಗೆ ಬಂದ ಫ್ರೆಂಚ್ ಸೈನಿಕರು ಬೀಡುಬಿಟ್ಟಿದ್ದ ಕಾರಣ ಈ ಪಾಂಡವಪುರಕ್ಕೆ ಹಿಂದೆ ಫ್ರೆಂಚ್ ರಾಕ್ಸ್ ಎಂಬ ಹೆಸರಿತ್ತು. ಊರು ದಾಟಿದ ಮೇಲೆ ನೆಲ ಒಣಗುತ್ತ, ಏರುತ್ತ ಹೋಗುತ್ತದೆ. ಜಕ್ಕನಹಳ್ಳಿಯಲ್ಲಿ ತಿರುಗಿದರೆ ಬೆಟ್ಟದ ದಾರಿ.

ಯೋಗನರಸಿಂಹನ ಬೆಟ್ಟವನ್ನೇರಿ ಕೆಳಗಿನ ಕಲ್ಯಾಣಿಯನ್ನು ನೋಡುತ್ತ ನಿಂತಾಗ ಕಾಲುನೋವು ಮರೆತುಹೋಯಿತು. ಹನ್ನೆರಡನೆಯ ಶತಮಾನದಲ್ಲಿ ರಾಮಾನುಜರು ನೆಲೆಸಿದ್ದ ಊರು, ಪು.ತಿ.ನ. ಅವರು 1905ರಲ್ಲಿ ಹುಟ್ಟಿದ ಊರು. ಸಂಸ್ಕೃತ ಓದಿದವನಿಗೆ ಅಜ್ಜನ ಮನೆಯಿದ್ದಂತೆ. ಚೆಲುವನಾರಾಯಣನ ದರ್ಶನ ಮಾಡಿ, ಪುಳಿಯೋಗರೆಯನ್ನು ತೃಪ್ತಿಯಾಗಿ ತಿಂದು, ಪೂರ್ತಿಯಾಗದೆ ನಿಂತ ರಾಯಗೋಪುರದ ನೆರಳಿನಲ್ಲಿ ವಿಶ್ರಮಿಸಿ, ಮೂರು ಗಂಟೆಗೆ ಇಳಿಯತೊಡಗಿದೆವು.

ಏರುವಾಗ ಕೆಲಸ ಕಾಲಿಗೆ, ಇಳಿಯುವಾಗ ಬ್ರೇಕಿಗೆ ಎಂಬುದನ್ನು ನಾವು ಯೋಚಿಸಿರಲಿಲ್ಲ. ಒಂದು ತಿರುವಿನಲ್ಲಿ ಬಲಗೈಯ ಹಿಡಿಯನ್ನು ಒತ್ತಿದೊಡನೆ ಟಣ್ಣೆಂದು ಸದ್ದಾಗಿ ಮುಂದಿನ ಬ್ರೇಕಿನ ವೈರು ಕಿತ್ತುಹೋಯಿತು. ಹಿಂದಿನದನ್ನು ಒತ್ತಿದೆವು, ರಬ್ಬರು ಸವೆದು ಲೋಹಕ್ಕೆ ಲೋಹ ಉಜ್ಜಿ ಕಿರುಚಿತೇ ಹೊರತು ಗಾಡಿ ನಿಲ್ಲಲಿಲ್ಲ. ಎದುರಿಗೆ ಯಾತ್ರಿಕರ ಬಸ್ಸೊಂದು ಏರಿ ಬರುತ್ತಿತ್ತು. ನಾರಾಯಣಾ ಎಂದು ರಸ್ತೆಯ ಮಗ್ಗುಲಿನ ಮಣ್ಣುದಿಬ್ಬದ ಕಡೆಗೆ ಹ್ಯಾಂಡಲನ್ನು ತಿರುಗಿಸಿ ಬಿದ್ದೆವು. ಮೊಣಕಾಲಿನ ಚರ್ಮ ಹೋಯಿತು, ಪ್ರಾಣ ಉಳಿಯಿತು. ಗಾಡಿಯನ್ನು ತಳ್ಳಿಕೊಂಡು ಜಕ್ಕನಹಳ್ಳಿಯನ್ನು ಸೇರಿ, ಅಲ್ಲಿಂದ ಪುಣ್ಯಾತ್ಮನೊಬ್ಬನ ಟ್ರಾಕ್ಟರಿನಲ್ಲಿ ಪಾಂಡವಪುರಕ್ಕೆ ಬಂದು, ಬೇರೊಂದು ಬಾಡಿಗೆ ಗಾಡಿ ಹಿಡಿದು ಮನೆ ಮುಟ್ಟಿದಾಗ ರಾತ್ರಿ ಒಂಬತ್ತೂವರೆ. ಮೊಬೈಲಿನ ಚಾರ್ಜು ಮಧ್ಯಾಹ್ನವೇ ಮುಗಿದಿತ್ತು.

ನಮ್ಮ ಮನೆಯವರು ಗೇಟಿನಲ್ಲಿ ನಿಂತಿದ್ದರು. ಎಷ್ಟು ಹೊತ್ತಿನಿಂದ ನಿಂತಿದ್ದರೆಂದು ಕೇಳುವ ಧೈರ್ಯ ನಮಗಾಗಲಿಲ್ಲ. ಗಾಯವನ್ನು ತೊಳೆಯುವಾಗ ಮಾತ್ರ, "ಗಾಡಿ ಮಾರಿ ಅನ್ನೋದಿಲ್ಲ ನಾನು. ಆದರೆ ಅದರಲ್ಲಿ ಏನೇನಿದೆ, ಯಾವುದು ಯಾವಾಗ ಕೆಡತ್ತೆ ಅಂತ ತಿಳಿಯೋವರೆಗೂ ಊರು ದಾಟಬೇಡಿ" ಎಂದರು.

ನಮ್ಮ ಬಡಾವಣೆಯ ಮೂಲೆಯಲ್ಲಿ ಬೈಸಿಕಲ್ ಅಂಗಡಿಯೊಂದುಂಟು. ಅದರ ಯಜಮಾನ ನಮ್ಮ ಹಳೆಯ ಶಿಷ್ಯ. ರಾಮಶಬ್ದದ ಷಷ್ಠೀ ಬಹುವಚನ ಬಾರದೆ ಎಷ್ಟೋ ದಿನ ಬೆಂಚಿನ ಮೇಲೆ ನಿಂತವನು. "ನಿನ್ನ ತಲೆಗೇನೂ ಹತ್ತದು" ಎಂದು ನಾವೇ ಹೇಳಿದ್ದುಂಟು. ಗಾಡಿಯನ್ನು ನೋಡಿ ಅವನು, "ರಿಪೇರಿ ನಾನು ಮಾಡಿಕೊಡೋದಿಲ್ಲ ಮೇಷ್ಟ್ರೆ. ನೀವೇ ಮಾಡಿ, ನಾನು ಪಕ್ಕದಲ್ಲಿರ್ತೀನಿ" ಎಂದು ಸ್ಪ್ಯಾನರನ್ನು ನಮ್ಮ ಕೈಗೇ ಕೊಟ್ಟನು. ಹೀಗೆ ಪ್ರತಿ ಭಾನುವಾರ ಪಾಠ ಆರಂಭವಾಯಿತು.

ಗಾಲಿಯ ನಡುವಣದು ನಾಭಿ, ಕಡ್ಡಿಗಳು ಅರಗಳು, ಸುತ್ತಿನದು ನೇಮಿ ಎಂದು ನಾವು ಬಲ್ಲೆವು. ಆದರೆ ರಥದ ಗಾಲಿಗೂ ಬೈಸಿಕಲ್ಲಿನ ಗಾಲಿಗೂ ಇರುವ ಭೇದವನ್ನು ಅವನಿಂದ ತಿಳಿದೆವು. ರಥದ ಮರದ ಅರಗಳು ಕಂಬದಂತೆ ಕೆಳಗೆ ನಿಂತು ಭಾರವನ್ನು ಹೊರುತ್ತವೆ. ಬೈಸಿಕಲ್ಲಿನ ತೆಳುವಾದ ಉಕ್ಕಿನ ಕಡ್ಡಿಗೆ ಹಾಗೆ ನಿಲ್ಲುವ ಬಲವಿಲ್ಲ. ಎಲ್ಲ ಕಡ್ಡಿಗಳನ್ನೂ ಎಳೆದು ಬಿಗಿದಿರುವುದರಿಂದಲೇ ಗಾಲಿಗೆ ಬಲ. ಒಂದು ಸಡಿಲವಾದರೆ ಅದರ ಪಾಲು ನೆರೆಯವುಗಳ ಮೇಲೆ ಬೀಳುತ್ತದೆ. ಆದುದರಿಂದ ಒಂದೊಂದನ್ನೂ ಬೆರಳಿನಿಂದ ಮೀಟಿ ನಾದವನ್ನು ಕೇಳಬೇಕು; ಮಂಕಾಗಿ ನುಡಿದದ್ದು ಸಡಿಲವಾದದ್ದು.

ಚೈನಿನ ಒಂದು ಪಿನ್ನಿನಿಂದ ಮುಂದಿನದಕ್ಕೆ ಅರ್ಧ ಅಂಗುಲ. 24 ಕೊಂಡಿಗಳಿಗೆ ಸರಿಯಾಗಿ ಒಂದು ಅಡಿ. ಅಡಿಪಟ್ಟಿ ಹಿಡಿದಾಗ ಅಂಗುಲದ ಹದಿನಾರನೆಯ ಒಂದು ಭಾಗ ಹೆಚ್ಚಾಗಿ ಕಂಡರೆ ಚೈನನ್ನು ಬದಲಾಯಿಸಬೇಕು. ಉಕ್ಕು ಹಿಗ್ಗಿತೆಂದಲ್ಲ, ಪಿನ್ನುಗಳು ಸವೆದುವೆಂದರ್ಥ. ಸವೆದ ಚೈನು ಹಲ್ಲುಚಕ್ರಗಳನ್ನೂ ತಿಂದುಹಾಕುತ್ತದೆ. ಎಣ್ಣೆಯನ್ನು ಕೊಂಡಿಗೊಂದು ತೊಟ್ಟಿನಂತೆ ಬಿಟ್ಟು, ಹೊರಗೆ ಉಳಿದದ್ದನ್ನು ಬಟ್ಟೆಯಿಂದ ಒರಸಬೇಕು. ನಾವು ದೇವರ ದೀಪಕ್ಕೆ ಸುರಿದಂತೆ ಸುರಿಯುತ್ತಿದ್ದೆವು. ಅದಕ್ಕೆ ರಸ್ತೆಯ ಧೂಳು ಅಂಟಿ, ಅರೆಯುವ ಕಲ್ಲಿನ ಕೆಲಸ ಮಾಡುತ್ತಿತ್ತು. ಬ್ರೇಕಿನ ರಬ್ಬರಿನಲ್ಲಿ ಗೀರುಗಳಿರುತ್ತವೆ. ಅವು ಅಳಿಸಿಹೋದರೆ ರಬ್ಬರಿನ ಆಯುಸ್ಸು ಮುಗಿಯಿತು. ವೈರು ಒಮ್ಮೆಗೇ ಹರಿಯುವುದಿಲ್ಲ. ಹಿಡಿಯ ಬಳಿ ಒಂದೊಂದೇ ಎಳೆ ಬಿಚ್ಚಿ ಮುನ್ಸೂಚನೆ ಕೊಡುತ್ತದೆ. ನಮ್ಮದೂ ಕೊಟ್ಟಿದ್ದಿರಬೇಕು, ನೋಡುವ ಕಣ್ಣು ನಮಗಿರಲಿಲ್ಲ.

ದೂರದ ಸವಾರಿಯ ಸಂಗತಿಗಳನ್ನೂ ಅವನೇ ಹೇಳಿದನು. ಫ್ರಾನ್ಸಿನಲ್ಲಿ ಪ್ಯಾರಿಸ್ಸಿನಿಂದ ಬ್ರೆಸ್ಟಿಗೆ ಹೋಗಿ ಹಿಂದಿರುಗುವ ಸುಮಾರು 1,200 ಕಿಲೋಮೀಟರಿನ ಸವಾರಿಯೊಂದು 1891ರಲ್ಲಿ ಮೊದಲಾಯಿತು. ಈಗ ಅದಕ್ಕೆ ಹೆಚ್ಚೆಂದರೆ 90 ಗಂಟೆ ಅವಕಾಶ. ಅದೇ ಸಂಪ್ರದಾಯದ, ಹದಿಮೂರೂವರೆ ಗಂಟೆಗಳಲ್ಲಿ 200 ಕಿಲೋಮೀಟರು ಮುಗಿಸುವ ಸವಾರಿಗಳು ನಮ್ಮ ನಾಡಿನಲ್ಲಿಯೂ ನಡೆಯುತ್ತವೆ. ಅಲ್ಲಿ ಹಿಂದೆ ಸಹಾಯದ ಗಾಡಿ ಬರುವಂತಿಲ್ಲ. ದಾರಿಯಲ್ಲಿ ಕೆಟ್ಟದ್ದನ್ನು ಸವಾರನೇ ಸರಿಪಡಿಸಿಕೊಳ್ಳಬೇಕು. "ಕಾಲಿನ ಶಕ್ತಿ ಎಲ್ಲರಿಗೂ ಬರತ್ತೆ ಮೇಷ್ಟ್ರೆ, ಹೊರಡೋಕೆ ಮುಂಚೆ ಗಾಡಿ ನೋಡೋ ಬುದ್ಧಿ ಬರೋದೇ ಕಷ್ಟ" ಎಂದನು. ನಾವು ತಲೆತಗ್ಗಿಸಿದೆವು.

ಮಾಘದಲ್ಲಿ ಮನೆಯವರ ಅಪ್ಪಣೆಯಾಯಿತು. ಜೊತೆಗೆ ಬಾ ಎಂದು ಕರೆದರೆ ಶಿಷ್ಯನು, "ನಾನು ಬಂದರೆ ಪರೀಕ್ಷೆ ಹೇಗಾಗತ್ತೆ?" ಎಂದು ನಕ್ಕನು. ಹಿಂದಿನ ರಾತ್ರಿಯೇ ಗಾಳಿ, ಬ್ರೇಕು, ಚೈನು, ಕಡ್ಡಿ, ನಟ್ಟು ಎಲ್ಲವನ್ನೂ ಪರೀಕ್ಷಿಸಿ, ಪಂಪು, ಒಂದು ಟ್ಯೂಬು, ತೇಪೆಯ ಸಾಮಾನುಗಳನ್ನು ಚೀಲದಲ್ಲಿಟ್ಟು ಹೊರಟೆವು.

ಪರೀಕ್ಷೆ ಪಾಂಡವಪುರದ ಆಚೆ ಬಂದಿತು. ಹಿಂದಿನ ಗಾಲಿಯ ಗಾಳಿ ಇಳಿಯಿತು. ಹುಣಿಸೆಮರದ ಕೆಳಗೆ ಗಾಡಿಯನ್ನು ತಲೆಕೆಳಗಾಗಿ ನಿಲ್ಲಿಸಿ ಟ್ಯೂಬನ್ನು ಹೊರತೆಗೆದು, ಗದ್ದೆಯ ಕಾಲುವೆಯಲ್ಲಿ ಮುಳುಗಿಸಿ ಗುಳ್ಳೆಯೇಳುವ ಜಾಗವನ್ನು ಹುಡುಕಿದೆವು. ಒರಸಿ ಒಣಗಿಸಿ, ಉಪ್ಪುಕಾಗದದಿಂದ ಉಜ್ಜಿ, ಸೊಲ್ಯೂಷನ್ ಹಚ್ಚಿದೆವು. ಅದು ಆರುವವರೆಗೆ ಕಾಯುವುದೇ ಕಷ್ಟ. ಹಸಿಯಿರುವಾಗಲೇ ತೇಪೆಯಿಟ್ಟರೆ ನಿಲ್ಲುವುದಿಲ್ಲ. ಆ ಹೊತ್ತಿನಲ್ಲಿ ಟೈರಿನ ಒಳಮೈಯನ್ನು ಮೆಲ್ಲಗೆ ತಡವಿದಾಗ ಬೆರಳಿಗೆ ಮುಳ್ಳು ಸಿಕ್ಕಿತು. ಅದನ್ನು ಕೀಳದಿದ್ದರೆ ಹತ್ತು ಹೆಜ್ಜೆಗೆ ಮತ್ತೆ ಅದೇ ಗತಿಯಾಗುತ್ತಿತ್ತು. ಮುಕ್ಕಾಲು ಗಂಟೆ ಹಿಡಿಯಿತು. ಶಿಷ್ಯನಿಗೆ ಹತ್ತು ನಿಮಿಷದ ಕೆಲಸ. ಆದರೂ ಗಾಳಿ ನಿಂತಾಗ ನಮಗೆ, ಕಾವ್ಯ ಪರೀಕ್ಷೆಯಲ್ಲಿ ತೇರ್ಗಡೆಯಾದ ದಿನದಷ್ಟೇ ಸಂತೋಷವಾಯಿತು.

ಮೇಲುಕೋಟೆಯಿಂದ ಇಳಿಯುವಾಗ ಮೈಯನ್ನು ಹಿಂದಕ್ಕೆ ವಾಲಿಸಿ, ಎರಡೂ ಬ್ರೇಕುಗಳನ್ನು ಬಿಟ್ಟು ಬಿಟ್ಟು ಒತ್ತುತ್ತ ಬಂದೆವು. ಆ ಮಣ್ಣುದಿಬ್ಬದ ಬಳಿ ಗಾಡಿ ನಾವು ಹೇಳಿದ ಕಡೆ ನಿಂತಿತು. ಇಳಿದು, ದಿಬ್ಬಕ್ಕೊಂದು ನಮಸ್ಕಾರ ಮಾಡಿ ಮುಂದುವರಿದೆವು. ಐದೂವರೆಗೆ ಮನೆ ಸೇರಿದಾಗ ಗೇಟಿನಲ್ಲಿ ಯಾರೂ ನಿಂತಿರಲಿಲ್ಲ. ಒಳಗೆ ಒಗ್ಗರಣೆಯ ಸದ್ದು ಕೇಳುತ್ತಿತ್ತು. ನಮ್ಮ ಕಪ್ಪು ಕೈಗಳನ್ನು ನೋಡಿ ಮನೆಯವರು, "ಕೆಟ್ಟಿತ್ತೋ?" ಎಂದರು. "ಕೆಟ್ಟಿತ್ತು, ಸರಿಮಾಡಿದೆವು" ಎಂದೆವು.

ಮರುದಿನ ಅಂಗಡಿಗೆ ಹೋಗಿ ಶಿಷ್ಯನಿಗೆ ಎಲ್ಲವನ್ನೂ ಒಪ್ಪಿಸಿ, ಬೆಂಚಿನ ದಿನಗಳಲ್ಲಿ ನಾವಾಡಿದ ಮಾತು ತಪ್ಪೆಂದು ಹೇಳಿದೆವು. ಅವನು ಕೈಯಲ್ಲಿದ್ದ ಗಾಲಿಯಿಂದ ಕಣ್ಣೆತ್ತದೆ ಕಡ್ಡಿಗಳನ್ನು ಮೀಟುತ್ತಲೇ ಇದ್ದನು. ಸ್ವಲ್ಪ ಹೊತ್ತಿನ ಮೇಲೆ, "ರಾಮಾಣಾಮ್, ಅಲ್ಲವೇ ಮೇಷ್ಟ್ರೆ?" ಎಂದನು.