ಕೀಮೋ ನಡದಾಗ ಉಣ್ಣೂದು ಹ್ಯಾಂಗ?

ನಮ್ಮ ವೈನಿಗೆ ಎದಿ ಕ್ಯಾನ್ಸರ್ ಅಂತ ಗೊತ್ತಾದ ಮ್ಯಾಲೆ ಮಾತಾಡಸಲಿಕ್ಕೆ ಬಂದವ್ರು ಯಾರೂ ಬರಿಗೈಲೆ ಬರಲಿಲ್ಲ, ಒಬ್ಬೊಬ್ರು ಒಂದೊಂದು ಪಥ್ಯಾ ಹಿಡಕೊಂಡ ಬಂದ್ರು. ಒಬ್ರು ಹಾಲು ಬಿಡಸ್ರಿ ಅಂದ್ರು. ಇನ್ನೊಬ್ರು ಸಕ್ರಿ ತಿಂದ್ರ ಗಡ್ಡಿ ಬೆಳೀತದ ಅಂದ್ರು. ಗೋಧಿ ಬ್ಯಾಡ, ಬದನಿಕಾಯಿ ನಂಜು, ಬರೇ ಹಣ್ಣಿನ ರಸದ ಮ್ಯಾಲೆ ಇರ್ಲಿ... ಎಲ್ಲಾ ಪಾಲಿಸಿದ್ರ ತಾಟಿನ್ಯಾಗ ಏನೂ ಉಳೀತಿರಲಿಲ್ಲ. ಎಲ್ಲಾರದ್ದೂ ಕಾಳಜಿನ, ಅದು ಖರೆ. ಆದ್ರ ಎರಡನೇ ಕೀಮೋ ಮುಗಿಯೋದ್ರಾಗ ವೈನಿ ತೂಕ 52 ಕೆ.ಜಿ.ಯಿಂದ 48ಕ್ಕ ಇಳದಿತ್ತು. ಗ್ವಾಡಿ ಹಿಡಕೊಂಡು ಬಚ್ಚಲಕ್ಕ ಹೋಗ್ತಿದ್ರು.

ದವಾಖಾನಿಯ ಆಹಾರ ತಜ್ಞೆ ನಮಗ ಬಿಡಿಸಿ ಹೇಳಿದ್ರು. ರೋಗಾ ಕಡಿಮಿ ಮಾಡೂದು ಔಷಧದ ಕೆಲಸ, ಆ ಔಷಧಾ ತಡಕೊಳ್ಳೋ ಶಕ್ತಿ ಕೊಡೂದು ಊಟದ ಕೆಲಸ. ಸಕ್ರಿ ಬಿಟ್ರ ಗಡ್ಡಿ ಬತ್ತೂದಿಲ್ಲ, ಮನಶ್ಯಾ ಬತ್ತತಾನ. ಶುಗರ್ ಇದ್ದವ್ರು ಮಾತ್ರ ಲೆಕ್ಕ ಇಡಬೇಕು. ಕಿಡ್ನಿ ತೊಂದ್ರಿ ಇಲ್ಲದವ್ರಿಗೆ ಕೆ.ಜಿ. ತೂಕಕ್ಕ 1ರಿಂದ 1.5 ಗ್ರಾಂ ಪ್ರೋಟೀನ್ ದಿನಾ ಬೇಕಂತ. ಅಂದ್ರ ವೈನಿಗೆ 50ರಿಂದ 70 ಗ್ರಾಂ. ಒಂದು ಲೋಟ ಹಾಲಿನ್ಯಾಗ ಇರೂದು 6-7 ಗ್ರಾಂ. ಆವಾಗ ಬರೇ ಹಣ್ಣಿನ ರಸದಾಗ ಏನೂ ಸಿಗೂದಿಲ್ಲಂತ ತಿಳೀತು. ಹೆಸರುಬ್ಯಾಳಿ, ಪನೀರು, ಮೊಸರು, ಶೇಂಗಾ, ಹಾಲು ಎಲ್ಲಾ ಇರಬೇಕು. ತತ್ತಿ ನಡಿಯೋರು ಪೂರಾ ಕುದಿಸಿದ ತತ್ತಿ ಕೊಡ್ರಿ.

ಆದ್ರ ಉಣ್ಣೋರಿಗೆ ಅನ್ನಾ ನೋಡಿದ್ರ ವಾಕರಿಕಿ ಬರ್ತಿತ್ತಲ್ಲ! ಅದಕ್ಕ ಮೂರು ಹೊತ್ತಿನ ಊಟಾ ಬಿಟ್ಟು ಎರಡು ತಾಸಿಗೊಮ್ಮೆ ಸಣ್ಣ ಬಟ್ಟಲದಾಗ ಕೊಡಲಿಕ್ಕೆ ಹತ್ತಿದ್ವಿ. ವಾಂತಿ ಗುಳಿಗಿ ಊಟಕ್ಕ ಅರ್ಧಾ ತಾಸು ಮೊದಲ. ಒಗ್ಗರಣಿ ವಾಸನಿ ತಡೀತಿರಲಿಲ್ಲ, ಅದಕ್ಕ ಅವ್ರು ಏಳೂದ್ರಾಗ ಅಡಿಗಿ ಮುಗಿಸಿ ಕಿಡಕಿ ತಗದಿಡ್ತಿದ್ದೆ. ಬಿಸಿ ಬಿಸಿ ಅಡಿಗಿ ಘಮಾ ಜಾಸ್ತಿ, ಆರಿಸಿ ಕೊಟ್ರ ಎರಡು ತುತ್ತು ಹೆಚ್ಚು ಹೋಗ್ತದ. ಬಾಯಾಗ ಕಬ್ಬಿಣಾ ಚೀಪಿಧಂಗ ಆಗ್ತದ ಅಂತಿದ್ರು. ಸ್ಟೀಲ್ ಚಮಚಾ ಬಿಟ್ಟು ಕಟಗಿ ಚಮಚಾ ಕೊಟ್ಟೆ, ಅದು ಸ್ವಲ್ಪ ಛಲೋ ಆತು.

ಇನ್ನೊಂದು ಮಾತು ನೆನಪಿಡ್ರಿ. ಕೀಮೋ ಕೊಟ್ಟ ದಿನಾ ಮತ್ತ ಮರುದಿನಾ ಅವ್ರಿಗೆ ಭಾಳ ಸೇರೋ ಪದಾರ್ಥ ಮಾಡಬ್ಯಾಡ್ರಿ. ತಿಂದು ವಾಂತಿ ಆತಂದ್ರ ಆ ಪದಾರ್ಥದ ಮ್ಯಾಲೆನ ಮನಸ್ಸು ಮುರೀತದ, ಎಷ್ಟೋ ದಿನಾ ಬಾಯಿಗೆ ಹತ್ತೂದಿಲ್ಲ. ವೈನಿಗೆ ಹೋಳಗಿ ಅಂದ್ರ ಜೀವಾ. ಅದನ್ನ ಮೂರನೇ ವಾರಕ್ಕ ಅಂತ ಕಾಯ್ದಿಟ್ವಿ. ಆ ವಾರ ಬಾಯಿರುಚಿ ತಿರುಗಿ ಬರ್ತದ. ಒಮ್ಮೆ ತಾವ ಕರದು "ಎಣ್ಣಿಗಾಯಿ ಮಾಡ್ತೀಯೇನ?" ಅಂದ್ರು. ಅವತ್ತ ನಂಜಿನ ಬದನಿಕಾಯಿನ ಮಾಡಿ ಬಡಿಸಿದೆ.

ಬಾಯಾಗ ಹುಣ್ಣಾದಾಗ ಖಾರ, ಹುಳಿ, ಗಟ್ಟಿ ರೊಟ್ಟಿ ಎಲ್ಲಾ ಬಂದ್. ಜೋಳದ ನುಚ್ಚು ಮೆತ್ತಗ ಕುದಿಸಿ ಮಜ್ಜಿಗಿ ಹಾಕೂದು, ಹೆಸರುಬ್ಯಾಳಿ ತೊವ್ವಿಗೆ ತುಪ್ಪ ಬಿಟ್ಟು ಮೆತ್ತಗಿನ ಅನ್ನದ ಜೋಡಿ ಕಲಸೂದು, ಹಾಲು ಹಾಕಿದ ಸಜ್ಜಕ. ಒಂದು ಲೀಟರ್ ಕಾಸಿ ಆರಿಸಿದ ನೀರಿಗೆ ಒಂದು ಚಹಾ ಚಮಚಾ ಉಪ್ಪು, ಒಂದು ಚಮಚಾ ತಿನ್ನೋ ಸೋಡಾ ಹಾಕಿ ದಿನಕ್ಕ ನಾಕೈದು ಸಲ ಬಾಯಿ ಮುಕ್ಕಳಿಸ್ತಿದ್ರು.

ಡೋಸ್ ಆದ ಒಂದು ವಾರಕ್ಕ ರಕ್ತದಾಗ ಬಿಳಿ ಕಣಾ ಇಳೀತಾವ. ಅವು ಇಳಿಯೂದು ಔಷಧದಿಂದ, ಊಟದಿಂದ ಅಲ್ಲ. ಆ ದಿನದಾಗ ಹಸಿ ಕೋಸಂಬರಿ, ಗಾಡಿ ಮ್ಯಾಲೆ ಕೊಯ್ದಿಟ್ಟ ಹಣ್ಣು ಕೊಡಲಿಲ್ಲ. ಗುಡಿ ಪಂಚಾಮೃತಾನೂ ಕಣ್ಣಿಗೊತ್ತಿಗೊಂಡು ಬಿಟ್ರು, ಯಾಕಂದ್ರ ಅದರಾಗ ಹಸಿ ಹಾಲಿರ್ತದ. ಜ್ವರಾ 100.4 ದಾಟಿದ್ರ ಬೆಳಗಾಗೂ ತನಕಾ ಕಾಯಬ್ಯಾಡ್ರಿ, ದವಾಖಾನಿಗೆ ಹೊಂಡ್ರಿ. ಅಮೃತಬಳ್ಳಿ ಕಷಾಯಾ ಅದು ಇದು ಡಾಕ್ಟರ್‌ನ್ನ ಕೇಳದ ಕೊಡಬ್ಯಾಡ್ರಿ. ಗಿಡಮೂಲಿಕಿನೂ ಲಿವರಿಗೆ ತ್ರಾಸ ಕೊಡಬಹುದು, ಔಷಧದ ಜೋಡಿ ಜಗಳಾ ತಗೀಬಹುದು.

ಎಲ್ಲಾಕಿಂತ ಕಠಿಣ ಆಗಿದ್ದು ಏಕಾದಶಿ. ಇಪ್ಪತ್ತು ವರ್ಷದಿಂದ ವೈನಿ ಒಂದೂ ತಪ್ಪಿಸಿರಲಿಲ್ಲ. "ಕೂದಲಾ ಹೋತು, ಉಪವಾಸನೂ ಬಿಟ್ರ ನಂದಂತ ಏನು ಉಳೀತದ?" ಅಂತ ಅತ್ರು. ನನ್ನ ಕಡೆ ಉತ್ತರಾ ಇರಲಿಲ್ಲ. ನಮ್ಮವ್ವ, ಎಂಬತ್ತರ ಮುದಕಿ, ಬಾಜೂಕ ಕೂತು ಅಂದ್ಲು, "ಜಡ್ಡಿದ್ದವ್ರಿಗೆ ಉಪವಾಸ ಹೇಳಿಲ್ಲವಾ. ಈ ವರ್ಷ ಉಣ್ಣೂದ ನಿನ್ನ ವ್ರತ. ನೀ ಭಾಳ ಕಠಿಣ ವ್ರತಾನ ಹಿಡದೀ." ವೈನಿ ಕಣ್ಣೊರಸಿಕೊಂಡು ಅರ್ಧಾ ಬಟ್ಟಲಾ ನುಚ್ಚು ಉಂಡ್ರು.

ಕಡಿಗೆ ಒಂದು ಸಣ್ಣ ಉಪಾಯ. ಗ್ವಾಡಿ ಕ್ಯಾಲೆಂಡರಿನ ಮ್ಯಾಲೆ ಅವತ್ತ ಏನು ಹೋತು, ಏನು ಹೊರಗ ಬಂತು ಅಂತ ದಿನಾ ಬರದಿಡ್ರಿ. ವೈನಿಗೆ ಮೂರನೇ ದಿನದಿಂದ ಐದನೇ ದಿನದ ತನಕಾ ಭಾಳ ತ್ರಾಸು ಅಂತ ನಮಗ ಹಂಗ ತಿಳೀತು. ಮುಂದಿನ ಸಲ ಆ ಮೂರು ದಿನಕ್ಕ ಮೊದಲ ತಯಾರಾದ್ವಿ. ಒಬ್ಬೊಬ್ರ ಮೈ ಒಂದೊಂದು ಥರ. ನಿಮ್ಮನ್ಯಾಗಿನವ್ರ ಲೆಕ್ಕಾ ನಿಮ್ಮ ಕ್ಯಾಲೆಂಡರಿನ್ಯಾಗ ಸಿಗ್ತದ. ಅದನ್ನ ಡಾಕ್ಟರಿಗೂ ತೋರಸ್ರಿ.