ಯಾವ ಊರಿನ ಕಿರೀಟ ಹಿರಿದು?

ಊರಿಗೆ ಊರು ಪೈಪೋಟಿ ಹೂಡುವುದು ನಮ್ಮಲ್ಲಿ ಹೊಸತೇನೂ ಅಲ್ಲ. ಯಾವ ಊರಿನ ತೇರು ಎತ್ತರ, ಯಾವ ಪೇಟೆಯ ಬೆಲ್ಲ ಚೊಕ್ಕ, ಯಾವ ಗರಡಿಯ ಪೈಲ್ವಾನ ಸೋಲರಿಯದವ ಎಂಬ ವಾದಗಳನ್ನು ಕಟ್ಟೆಯ ಮೇಲೆ ಕುಳಿತ ಹಿರಿಯರ ಬಾಯಿಂದ ಕೇಳಿಯೇ ನಾವೆಲ್ಲ ಬೆಳೆದವರು. ಇಂದು ನಮ್ಮ ಮನೆಗಳ ಪಡಸಾಲೆಯಲ್ಲಿ ಮಕ್ಕಳು ಮೊಮ್ಮಕ್ಕಳು ಹೂಡುವ ವಾದ ಬೇರೆ. ಭಾರತದ ನಗರಗಳಲ್ಲಿ ಕ್ರೀಡಾ ಪ್ರಶಸ್ತಿಗಳ ಇತಿಹಾಸ ಯಾವುದರದು ಶ್ರೇಷ್ಠ? ಮುಂಬಯಿಯವರು ರಣಜಿ ಟ್ರೋಫಿಯ ಲೆಕ್ಕವನ್ನು ಮುಂದಿಡುತ್ತಾರೆ. ಕಲಕತ್ತೆಯವರು ೧೯೧೧ ಎಂಬ ಒಂದೇ ಇಸವಿಯನ್ನು ಉಚ್ಚರಿಸಿ ಸುಮ್ಮನಾಗುತ್ತಾರೆ. ಬೆಂಗಳೂರಿನವರಾದ ನಮ್ಮಲ್ಲಿ ಮಾತು ಬಹಳ, ಲೆಕ್ಕ ಸ್ವಲ್ಪ ಕಡಿಮೆ. ೧೯೫೦ರಿಂದ ೧೯೫೪ರವರೆಗೆ ಐದು ವರ್ಷ ಸತತವಾಗಿ ರೋವರ್ಸ್ ಕಪ್ ಗೆದ್ದ ಸಿಟಿ ಪೊಲೀಸ್ ಫುಟ್‌ಬಾಲ್ ತಂಡದ ಹೈದರಾಬಾದನ್ನು ಬಿಟ್ಟಿರೇಕೆ ಎಂದು ಯಾರಾದರೂ ಕೇಳಬಹುದು, ಅದೂ ನ್ಯಾಯವೇ. ಆದರೆ ನಾನು ಕಾಲಿಟ್ಟು ಸುತ್ತಿ ಕಂಡ ಊರುಗಳು ಮೂರು. ಆ ಮೂರರ ಮಾತನ್ನಷ್ಟೇ ಆಡುತ್ತೇನೆ.

ಮೊದಲು ಮುಂಬಯಿ. ದೊಡ್ಡ ರೈಲು ನಿಲ್ದಾಣದಿಂದ ಹೊರಬಿದ್ದು ಸ್ವಲ್ಪ ದೂರ ನಡೆದರೆ ಆಜಾದ್ ಮೈದಾನ. ಒಂದೇ ಬಯಲಿನಲ್ಲಿ ಇಪ್ಪತ್ತೆರಡು ಪಿಚ್‌ಗಳು. ರಜೆಯ ದಿನ ಅಲ್ಲಿ ನಿಂತರೆ ಯಾರು ಯಾರ ಪಂದ್ಯ ಆಡುತ್ತಿದ್ದಾರೆಂಬುದೇ ತಿಳಿಯದು. ಒಂದು ಪಂದ್ಯದ ಕ್ಷೇತ್ರರಕ್ಷಕ ಇನ್ನೊಂದು ಪಂದ್ಯದ ವಿಕೆಟಿಗೆ ಬೆನ್ನು ಹಾಕಿ ನಿಂತಿರುತ್ತಾನೆ. ಅವನ ಕಿವಿಯ ಪಕ್ಕದಲ್ಲಿಯೇ ಮೂರನೆಯ ಪಂದ್ಯದ ಚೆಂಡು ಹಾದುಹೋಗುತ್ತದೆ. ಈ ಗದ್ದಲದ ನಡುವೆಯೇ ೧೯೮೮ರಲ್ಲಿ ಹ್ಯಾರಿಸ್ ಶೀಲ್ಡ್ ಶಾಲಾ ಪಂದ್ಯವೊಂದರಲ್ಲಿ ಸಚಿನ್ ತೆಂಡೂಲ್ಕರ್ ಮತ್ತು ವಿನೋದ್ ಕಾಂಬ್ಳಿ ಎಂಬ ಇಬ್ಬರು ಬಾಲಕರು ಔಟಾಗದೆ ೬೬೪ ಓಟಗಳ ಜೊತೆಯಾಟ ಆಡಿದರು. ದಾದರ್‌ನ ಶಿವಾಜಿ ಪಾರ್ಕ್ ಇನ್ನೂ ಮನೆಯಂತಿದೆ. ಅಂಚಿನ ಗಿಡ್ಡ ಗೋಡೆಯ ಮೇಲೆ ವೃದ್ಧರು ಸಾಲಾಗಿ ಕುಳಿತು, ಒಳಗೆ ಆಡುವ ಹುಡುಗರ ಪಾದದ ಚಲನೆಯನ್ನು ಗುಣದೋಷ ಸಹಿತ ವಿಮರ್ಶಿಸುತ್ತಾರೆ. ತರಬೇತುದಾರ ರಮಾಕಾಂತ ಆಚರೇಕರ್ ವಿಕೆಟ್‌ನ ಮೇಲೆ ಒಂದು ರೂಪಾಯಿಯ ನಾಣ್ಯವಿಟ್ಟು, ಔಟ್ ಮಾಡಿದವನಿಗೆ ಅದು, ಯಾರಿಂದಲೂ ಆಗದಿದ್ದರೆ ದಾಂಡಿಗನಿಗೆ ಎಂದು ಪಣ ಕಟ್ಟುತ್ತಿದ್ದುದು ಇಲ್ಲಿಯೇ.

ರಣಜಿ ಟ್ರೋಫಿ ೧೯೩೪-೩೫ರಲ್ಲಿ ಆರಂಭವಾಯಿತು. ಮೊದಲ ವರ್ಷದ ಪ್ರಶಸ್ತಿಯೇ ಮುಂಬಯಿಗೆ. ೧೯೫೮-೫೯ರಿಂದ ೧೯೭೨-೭೩ರವರೆಗೆ ಹದಿನೈದು ವರ್ಷ ಆ ಬಟ್ಟಲು ಆ ಊರನ್ನು ಬಿಟ್ಟು ಹೊರಡಲಿಲ್ಲ. ೨೦೨೩-೨೪ರಲ್ಲಿ ವಿದರ್ಭವನ್ನು ಸೋಲಿಸಿ ಗೆದ್ದದ್ದು ೪೨ನೆಯದು. ಇಲ್ಲೊಂದು ಸೂಕ್ಷ್ಮವಿದೆ. ಮಹಾರಾಷ್ಟ್ರ ರಾಜ್ಯಕ್ಕೆ ರಣಜಿಯಲ್ಲಿ ಮೂರು ತಂಡಗಳು: ಮುಂಬಯಿ, ಮಹಾರಾಷ್ಟ್ರ, ವಿದರ್ಭ. ಆದ್ದರಿಂದ ಮುಂಬಯಿಯ ಗೆಲುವು ಹೆಸರಿಗೂ ವಾಸ್ತವಕ್ಕೂ ಒಂದು ನಗರದ ಗೆಲುವು. ಕರ್ನಾಟಕ ಗೆದ್ದರೆ ಅದು ಬೆಂಗಳೂರಿನದಷ್ಟೇ ಅಲ್ಲ, ಗದಗಿನದೂ ಮೈಸೂರಿನದೂ ಹೌದು. ಊರಿಗೂ ಊರಿಗೂ ಲೆಕ್ಕ ಹಾಕುವಾಗ ಈ ಭೇದವನ್ನು ಮರೆಯುವವರೇ ಹೆಚ್ಚು.

ಈ ಅಧಿಕಾರಕ್ಕೆ ಮೂಲ ಯಾವುದು ಎಂದು ನನ್ನನ್ನು ಕೇಳಿದರೆ ಕಾಂಗಾ ಲೀಗ್ ಎನ್ನುತ್ತೇನೆ. ೧೯೪೮ರಲ್ಲಿ ಆರಂಭವಾದ ಈ ಪಂದ್ಯಾವಳಿ ನಡೆಯುವುದು, ಲೋಕವೆಲ್ಲ ದಾಂಡು ಕಟ್ಟಿಡುವ ಮಳೆಗಾಲದಲ್ಲಿ. ಹೊದಿಕೆಯಿಲ್ಲದ ಪಿಚ್, ಮೊಣಕಾಲಿನವರೆಗೆ ಹುಲ್ಲು, ಎಲ್ಲಿ ಬಿದ್ದು ಎಲ್ಲಿಗೆ ತಿರುಗೀತೆಂದು ಹೇಳಲಾಗದ ಚೆಂಡು. ಅಲ್ಲಿ ಇಪ್ಪತ್ತು ಓಟ ಗಳಿಸಿದವನು ಒಣ ಪಿಚ್ಚಿನಲ್ಲಿ ನೂರು ಗಳಿಸಬಲ್ಲನೆಂದು ಅಲ್ಲಿಯವರ ನಂಬಿಕೆ. ಕಛೇರಿಯ ಗುಮಾಸ್ತ, ಬ್ಯಾಂಕಿನ ನೌಕರ, ಕಾಲೇಜಿನ ಹುಡುಗ, ದೇಶಕ್ಕಾಗಿ ಆಡಿದ ಹಿರಿಯ ಆಟಗಾರ ಎಲ್ಲರೂ ಒಂದೇ ಕೆಸರಿನಲ್ಲಿ ನಿಂತು ಆಡಿದ ಪಂದ್ಯಾವಳಿ ಅದು. ಇತ್ತೀಚಿನ ಆಟಗಾರರು ದಾದರ್‌ಗಿಂತ ಹೆಚ್ಚಾಗಿ ವಿರಾರ್, ಪಾಲ್‌ಘರ್‌ಗಳಂಥ ದೂರದ ನೆಲೆಗಳಿಂದ, ಲೋಕಲ್ ರೈಲಿನಲ್ಲಿ ದೊಡ್ಡ ಚೀಲ ಹೊತ್ತು ಬಂದವರು. ಆ ರೈಲಿನ ಜನಸಂದಣಿಯಲ್ಲಿ ಕ್ರಿಕೆಟ್ ಚೀಲದೊಡನೆ ಇಳಿಯಬಲ್ಲ ಹುಡುಗನಿಗೆ ವೇಗದ ಬೌಲರನ ಭಯ ಇರಲಾರದು!

ಮುಂಬಯಿಯ ಕ್ರಿಕೆಟ್ ಇತಿಹಾಸಕ್ಕೆ ಇನ್ನೊಂದು ಮುಖವಿದೆ. ರಣಜಿಗೆ ಮೊದಲು ಆ ಊರಿನ ಮಹಾ ಪಂದ್ಯಾವಳಿ ಧರ್ಮದ ಆಧಾರದ ಮೇಲೆ ನಡೆಯುತ್ತಿತ್ತು. ೧೮೯೨ರಲ್ಲಿ ಯೂರೋಪಿಯನ್ನರು ಮತ್ತು ಪಾರ್ಸಿಗಳ ನಡುವೆ ಮೊದಲಾದದ್ದು, ೧೯೦೭ರಲ್ಲಿ ಹಿಂದೂಗಳು, ೧೯೧೨ರಲ್ಲಿ ಮುಸ್ಲಿಮರು, ೧೯೩೭ರಲ್ಲಿ 'ಇತರರು' ಸೇರಿ ಪಂಚ ತಂಡಗಳ ಸ್ಪರ್ಧೆಯಾಯಿತು. ಸಾವಿರಾರು ಜನ ಸೇರುತ್ತಿದ್ದರು. ೧೯೪೦ರಲ್ಲಿ ಗಾಂಧೀಜಿಯವರು ಇದನ್ನು ವಿರೋಧಿಸಿದರು. ೧೯೪೬ರಲ್ಲಿ ಅದು ನಿಂತಿತು. ಈ ಸ್ಪರ್ಧೆಯಲ್ಲಿ ಹಿಂದೂ ತಂಡದ ಮುಖ್ಯ ಬೌಲರ್ ಆಗಿದ್ದವರು ಪಾಲ್ವಣಕರ್ ಬಾಳೂ. ಅವರು ೧೮೭೬ರಲ್ಲಿ ಹುಟ್ಟಿದ್ದು ನಮ್ಮ ಧಾರವಾಡದಲ್ಲಿ ಎಂಬುದನ್ನು ಧಾರವಾಡದವರಲ್ಲಿಯೇ ಎಷ್ಟು ಮಂದಿ ಬಲ್ಲರೋ ಕಾಣೆ. ಅಸ್ಪೃಶ್ಯರೆನಿಸಿದ ಕುಲದಲ್ಲಿ ಹುಟ್ಟಿದ ಬಾಳೂ ಪುಣೆಯ ಯೂರೋಪಿಯನ್ನರ ಕ್ಲಬ್ಬಿನಲ್ಲಿ ನೆಲ ಸಮತಟ್ಟು ಮಾಡುವ ಕೆಲಸಗಾರ. ಅಲ್ಲಿನ ದೊರೆಗಳಿಗೆ ಅಭ್ಯಾಸಕ್ಕೆಂದು ಚೆಂಡೆಸೆದು ಎಸೆದು ಎಡಗೈ ಸ್ಪಿನ್‌ನಲ್ಲಿ ಅಸಾಮಾನ್ಯರಾದರು. ಪುಣೆಯ ಹಿಂದೂಗಳು ಗೆಲ್ಲಲೇಬೇಕೆಂಬ ಆಸೆಗೆ ಅವರನ್ನು ತಂಡಕ್ಕೆ ಸೇರಿಸಿಕೊಂಡರು. ಮೈದಾನದಲ್ಲಿ ಅವರು ಮುಟ್ಟಿದ ಚೆಂಡನ್ನೇ ಎಲ್ಲರೂ ಮುಟ್ಟುತ್ತಿದ್ದರು. ಚಹಾದ ವೇಳೆಗೆ ಮಾತ್ರ ಅವರಿಗೆ ಪೆವಿಲಿಯನ್ನಿನ ಹೊರಗೆ ಮಣ್ಣಿನ ಕುಡಿಕೆಯಲ್ಲಿ ಬೇರೆಯಾಗಿ ಕೊಡುತ್ತಿದ್ದರು. ೧೯೧೧ರಲ್ಲಿ ಇಂಗ್ಲೆಂಡಿಗೆ ಹೋದ ಭಾರತ ತಂಡದಲ್ಲಿ ಬಾಳೂ ನೂರಕ್ಕೂ ಹೆಚ್ಚು ವಿಕೆಟ್ ಪಡೆದರು. ಆದರೂ ಹಿಂದೂ ತಂಡದ ನಾಯಕತ್ವ ಅವರಿಗೆ ದೊರೆಯಲಿಲ್ಲ. ೧೯೨೩ರಲ್ಲಿ ಅವರ ತಮ್ಮ ವಿಠ್ಠಲ ನಾಯಕರಾದರು. ಆ ವರ್ಷ ಹಿಂದೂಗಳೇ ಗೆದ್ದರು. ಶಿವಶರಣರ ವಚನಗಳನ್ನು ದಿನವೂ ಓದುವ ಮನೆಗಳಲ್ಲಿ ಈ ಮಣ್ಣಿನ ಕುಡಿಕೆಯ ಪ್ರಸಂಗಕ್ಕೆ ವ್ಯಾಖ್ಯಾನ ಬೇಡ. ನಗರಗಳ ಪ್ರಶಸ್ತಿಗಳನ್ನು ಎಣಿಸುವಾಗ ಯಾವ ಪಟ್ಟಿಯಲ್ಲಿಯೂ ಅದು ಕಾಣುವುದಿಲ್ಲ, ಅಷ್ಟೆ.

ಮುಂಬಯಿಯ ಹದಿನೈದು ವರ್ಷಗಳ ಸರಪಳಿಯನ್ನು ಕಡಿದವರು ನಮ್ಮವರೇ. ಅದಕ್ಕೆ ಮೊದಲು ೧೯೪೧-೪೨ರಲ್ಲಿಯೂ ೧೯೫೯-೬೦ರಲ್ಲಿಯೂ ಮೈಸೂರು ತಂಡ ಫೈನಲ್ಲಿನಲ್ಲಿ ಮುಂಬಯಿಗೆ ಸೋತಿತ್ತು. ೧೯೭೪ರ ಸೆಮಿಫೈನಲ್ ನಡೆದದ್ದು ಬೆಂಗಳೂರಿನಲ್ಲಿ. ಗುಂಡಪ್ಪ ವಿಶ್ವನಾಥ್ ೧೬೨, ಬ್ರಿಜೇಶ್ ಪಟೇಲ್ ೧೦೬. ಕರ್ನಾಟಕದ ಮೊತ್ತ ೩೮೫. ಪ್ರಸನ್ನ ಅವರ ಚೆಂಡು ಸುನಿಲ್ ಗಾವಸ್ಕರ್ ಅವರ ವಿಕೆಟ್ ಉರುಳಿಸಿತು. ಚೆನ್ನಾಗಿ ಆಡುತ್ತಿದ್ದ ವಾಡೇಕರ್ ಕಾಲು ಜಾರಿ ರನೌಟ್ ಆದರು. ಮೊದಲ ಇನಿಂಗ್ಸ್ ಮುನ್ನಡೆಯಿಂದ ಗೆದ್ದ ಕರ್ನಾಟಕ, ಜೈಪುರದ ಫೈನಲ್ಲಿನಲ್ಲಿ ರಾಜಸ್ಥಾನವನ್ನು ಸೋಲಿಸಿ ಮೊದಲ ಬಾರಿಗೆ ಬಟ್ಟಲನ್ನು ದಕ್ಷಿಣದ ಈ ಸೀಮೆಗೆ ತಂದಿತು. ಆ ದಿನಗಳಲ್ಲಿ ಹಳ್ಳಿಗಳ ಅಂಗಡಿಗಳ ಮುಂದೆ ರೇಡಿಯೋ ಸುತ್ತ ಜನ ನೆರೆಯುತ್ತಿದ್ದುದನ್ನು ನಮ್ಮ ಹಿರಿಯ ಓದುಗರು ಬಲ್ಲರು. ಮುಂಬಯಿ ಆ ಸಾಲವನ್ನು ಬಹುಕಾಲದ ನಂತರ ಮೈಸೂರಿನಲ್ಲಿ ತೀರಿಸಿಕೊಂಡಿತು. ೨೦೧೦ರ ಜನವರಿಯಲ್ಲಿ ಮಾನಸ ಗಂಗೋತ್ರಿಯ ಮೈದಾನದಲ್ಲಿ ನಡೆದ ಫೈನಲ್ಲಿನಲ್ಲಿ ಮನೀಶ್ ಪಾಂಡೆ ೧೪೪ ಓಟ ಗಳಿಸಿದರೂ ನಾವು ಸೋತದ್ದು ಕೇವಲ ಆರು ಓಟಗಳಿಂದ.

ಗೆಲುವಿಗೆ ಒಗ್ಗಿದ ಊರಿಗೆ ಸೋಲು ಹೇಗಿರುತ್ತದೆಂಬುದಕ್ಕೆ ೧೯೯೧ರ ಮೇ ತಿಂಗಳ ಒಂದು ಚಿತ್ರ ಸಾಕು. ವಾಂಖೆಡೆ ಮೈದಾನದಲ್ಲಿ ಹರಿಯಾಣದ ವಿರುದ್ಧ ಫೈನಲ್. ದಿಲೀಪ್ ವೆಂಗ್‌ಸರ್ಕಾರ್ ಔಟಾಗದೆ ೧೩೯. ಕೊನೆಯ ಜೊತೆಗಾರ ರನೌಟ್ ಆದಾಗ ಬೇಕಾಗಿದ್ದುದು ಇನ್ನು ಮೂರೇ ಓಟ. ಎರಡು ಓಟಗಳ ಸೋಲು. ನೂರಕ್ಕೂ ಹೆಚ್ಚು ಟೆಸ್ಟ್ ಆಡಿದ್ದ ಆ ಹಿರಿಯ ಆಟಗಾರ ಎಲ್ಲರೆದುರಿಗೆ ಕಣ್ಣೀರು ಹಾಕಿದರು. ದೇಶೀಯ ಪಂದ್ಯವೊಂದಕ್ಕಾಗಿ ಅಳಬಲ್ಲ ಊರು ಎಂಬ ಕಾರಣಕ್ಕೆ ಮುಂಬಯಿಗೆ ನನ್ನ ಲೆಕ್ಕದಲ್ಲಿ ೪೨ರ ಮೇಲೆ ಇನ್ನೊಂದು ಅಂಕವಿದೆ.

ಕಲಕತ್ತೆಯ ಮೈದಾನ ಬೇರೆಯೇ ಲೋಕ. ಫೋರ್ಟ್ ವಿಲಿಯಂ ಕೋಟೆಯ ಸುತ್ತ ಹರಡಿರುವ, ಸೈನ್ಯದ ಸುಪರ್ದಿನಲ್ಲಿರುವ ಆ ವಿಶಾಲ ಬಯಲಿನಲ್ಲಿ ಕ್ಲಬ್ಬುಗಳ ನೆಲೆಗಳನ್ನು ಇಂದಿಗೂ 'ಟೆಂಟ್' ಎಂದೇ ಕರೆಯುತ್ತಾರೆ. ೧೮೮೯ರಲ್ಲಿ ಸ್ಥಾಪನೆಯಾದ ಮೋಹನ್ ಬಗಾನ್, ೧೮೯೧ರ ಮೊಹಮ್ಮಡನ್ ಸ್ಪೋರ್ಟಿಂಗ್, ೧೯೨೦ರ ಈಸ್ಟ್ ಬೆಂಗಾಲ್, ಮೂರೂ ಅಲ್ಲಿ ನೆರೆಹೊರೆ. ೧೯೧೧ರ ಜುಲೈ ೨೯ರಂದು ಐ.ಎಫ್.ಎ. ಶೀಲ್ಡ್ ಫೈನಲ್ಲಿನಲ್ಲಿ ಮೋಹನ್ ಬಗಾನ್ ಈಸ್ಟ್ ಯಾರ್ಕ್‌ಶೈರ್ ರೆಜಿಮೆಂಟನ್ನು ೨-೧ರಿಂದ ಸೋಲಿಸಿತು. ಹನ್ನೊಂದು ಮಂದಿಯಲ್ಲಿ ಹತ್ತು ಮಂದಿ ಬರಿಗಾಲಿನವರು. ಎದುರಿಗಿದ್ದವರು ಬೂಟು ತೊಟ್ಟ ಸಿಪಾಯಿಗಳು. ವಂಗಭಂಗದ ನೋವಿನಲ್ಲಿದ್ದ ಜನಕ್ಕೆ ಅದು ಕೇವಲ ಆಟದ ಗೆಲುವಾಗಿರಲಿಲ್ಲ. ಅದೇ ವರ್ಷದ ಡಿಸೆಂಬರ್‌ನಲ್ಲಿ ರಾಜಧಾನಿ ದೆಹಲಿಗೆ ಹೋಗುವುದೆಂದು ಸರ್ಕಾರ ಸಾರಿತು. ರಾಜಧಾನಿ ಹೋಯಿತು, ಶೀಲ್ಡ್ ಉಳಿಯಿತು ಎಂದು ಒಬ್ಬ ಹಿರಿಯ ಬಂಗಾಳಿ ನನಗೆ ನಗುತ್ತ ಹೇಳಿದ್ದುಂಟು. ನಿಜ ಹೇಳಬೇಕೆಂದರೆ ಮೋಹನ್ ಬಗಾನ್‌ಗೆ ಆ ಶೀಲ್ಡ್ ಎರಡನೆಯ ಸಲ ದೊರೆತದ್ದು ೧೯೪೭ರಲ್ಲಿ. ನಡುವೆ ೧೯೩೪ರಿಂದ ೧೯೩೮ರವರೆಗೆ ಕಲಕತ್ತಾ ಲೀಗನ್ನು ಸತತ ಐದು ವರ್ಷ ಗೆದ್ದದ್ದು ಮೊಹಮ್ಮಡನ್ ಸ್ಪೋರ್ಟಿಂಗ್. ೧೯೧೧ರ ಬೆಳಕಿನಲ್ಲಿ ಆ ಸಾಧನೆ ಮಂಕಾಗಿ ಕಾಣುವುದು ಅನ್ಯಾಯವೆಂದೇ ನನ್ನ ಭಾವನೆ.

ಅಂಕಿಗಳೂ ಕಡಿಮೆಯಿಲ್ಲ. ಸಂತೋಷ್ ಟ್ರೋಫಿಯನ್ನು ಬಂಗಾಳ ೨೦೨೪ರ ಡಿಸೆಂಬರ್‌ನಲ್ಲಿ ೩೩ನೆಯ ಬಾರಿಗೆ ಗೆದ್ದಿತು. ೧೯೯೭ರ ಜುಲೈ ೧೩ರಂದು ಸಾಲ್ಟ್ ಲೇಕ್ ಮೈದಾನದಲ್ಲಿ ಈಸ್ಟ್ ಬೆಂಗಾಲ್ ಮತ್ತು ಮೋಹನ್ ಬಗಾನ್ ಪಂದ್ಯ ನೋಡಲು ಬಂದವರು ೧,೩೧,೭೮೧ ಮಂದಿ. ಈಸ್ಟ್ ಬೆಂಗಾಲ್ ಗೆದ್ದ ದಿನ ಪೇಟೆಯಲ್ಲಿ ಹಿಲ್ಸಾ ಮೀನಿನ ಬೆಲೆ ಏರುತ್ತದೆ, ಮೋಹನ್ ಬಗಾನ್ ಗೆದ್ದರೆ ಸೀಗಡಿಯದು. ನಮ್ಮಂಥ ಸಸ್ಯಾಹಾರಿ ಅತಿಥಿಗೆ ಯಾರು ಗೆದ್ದರೂ ರಸಗುಲ್ಲವೇ ಗತಿ. ಅದರ ಬೆಲೆ ಸ್ಥಿರವಾಗಿಯೇ ಇರುತ್ತದೆ.

ಹಾಗಾದರೆ ಬೆಂಗಳೂರು? ಎಂಟು ರಣಜಿ ಪ್ರಶಸ್ತಿಗಳು ರಾಜ್ಯದವು. ೧೯೯೫-೯೬ರ ಗೆಲುವಿನಲ್ಲಿ ೫೦೦ಕ್ಕೂ ಹೆಚ್ಚು ಓಟ, ೫೦ಕ್ಕೂ ಹೆಚ್ಚು ವಿಕೆಟ್ ಕೊಟ್ಟ ಸುನಿಲ್ ಜೋಶಿ ಗದಗಿನವರು. ಹುಡುಗನಾಗಿದ್ದಾಗ ಅಭ್ಯಾಸಕ್ಕೆಂದು ಬೆಳಗಿನ ರೈಲಿಗೆ ಹುಬ್ಬಳ್ಳಿಗೆ ಹೋಗುತ್ತಿದ್ದವರು. ೧೯೬೮-೬೯ರ ನಂತರ ಮತ್ತೆ ಸಂತೋಷ್ ಟ್ರೋಫಿ ಗೆಲ್ಲಲು ನಾವು ೨೦೨೩ರ ಮಾರ್ಚ್‌ವರೆಗೆ ಕಾಯಬೇಕಾಯಿತು. ಆ ಫೈನಲ್ ನಡೆದದ್ದು ದೂರದ ರಿಯಾದ್‌ನಲ್ಲಿ. ಬೆಂಗಳೂರಿನ ನಿಜವಾದ ಸಂಪತ್ತು ಮೂಲೆಗಳಲ್ಲಿದೆ. ಹಲಸೂರಿನ ಸಮೀಪದ ಗೌತಮಪುರದಲ್ಲಿ ಬುದ್ಧ, ಅಂಬೇಡ್ಕರ್, ಮದರ್ ತೆರೇಸಾ ಅವರ ಪ್ರತಿಮೆಗಳ ಸಾಲಿನಲ್ಲಿ ಫುಟ್‌ಬಾಲ್ ಆಟಗಾರ ಪೆಲೆಯ ಪ್ರತಿಮೆಯನ್ನೂ ನಿಲ್ಲಿಸಿದ್ದಾರೆ. ಮಲ್ಲೇಶ್ವರದ ಕೆನರಾ ಯೂನಿಯನ್ನಿನ ಸಭಾಂಗಣದಲ್ಲಿ ಮದುವೆಗಳಿಲ್ಲದ ದಿನ ಮಾತ್ರ ಆಡಲು ಸಿಗುತ್ತಿತ್ತು. ಲಗ್ನದ ತಿಂಗಳುಗಳಲ್ಲಿ ಹೋಳಿಗೆಯ ಪಂಕ್ತಿ ಎದ್ದ ಮೇಲೆ ಬಲೆ ಕಟ್ಟಬೇಕು! ಅಲ್ಲಿ ಬ್ಯಾಡ್ಮಿಂಟನ್ ಕಲಿತ ಪ್ರಕಾಶ್ ಪಡುಕೋಣೆ ೧೯೮೦ರಲ್ಲಿ ಆಲ್ ಇಂಗ್ಲೆಂಡ್ ಪ್ರಶಸ್ತಿ ಗೆದ್ದ ಮೊದಲ ಭಾರತೀಯರಾದರು. ಇಂಥದೊಂದು ಮದುವೆಯ ಛತ್ರ ಮುಂಬಯಿಯಲ್ಲಿಲ್ಲ, ಕಲಕತ್ತೆಯಲ್ಲಿಲ್ಲ.

ಆದರೂ ಊರಿನ ಅಭಿಮಾನವನ್ನು ಬದಿಗಿಟ್ಟು ತೀರ್ಪು ಕೊಡಿ ಎಂದರೆ ನಾನು ಮುಂಬಯಿಯ ಕಡೆಗೇ ನಿಲ್ಲುವವನು. ಒಂದೇ ಒಂದು ದಿನದ ಮಾತಾದರೆ ಕಲಕತ್ತೆಯ ೧೯೧೧ಕ್ಕೆ ಸರಿಸಾಟಿಯಿಲ್ಲ. ಆದರೆ ಎಂಬತ್ತು ತೊಂಬತ್ತು ವರ್ಷ, ತಲೆಮಾರಿನಿಂದ ತಲೆಮಾರಿಗೆ, ಮಳೆಯ ಕೆಸರಿನಿಂದ ಪ್ರಶಸ್ತಿ ಎತ್ತುತ್ತ ಬಂದ ಊರು ಇನ್ನೊಂದಿಲ್ಲ.

ಇಷ್ಟು ಬರೆದ ಮೇಲೂ ಮನಸ್ಸಿನಲ್ಲಿ ಉಳಿಯುವುದು ೨೦೨೫ರ ಜೂನ್. ಹದಿನೆಂಟನೆಯ ಪ್ರಯತ್ನದಲ್ಲಿ ಜೂನ್ ೩ರ ರಾತ್ರಿ ಅಹಮದಾಬಾದಿನಲ್ಲಿ ಬೆಂಗಳೂರಿನ ಪುರುಷರ ತಂಡ ಮೊದಲ ಬಾರಿಗೆ ಐ.ಪಿ.ಎಲ್. ಗೆದ್ದಿತು. ಮರುದಿನ ಸಂಜೆ ಚಿನ್ನಸ್ವಾಮಿ ಮೈದಾನದ ದ್ವಾರಗಳ ಬಳಿ ಕಾಲ್ತುಳಿತದಲ್ಲಿ ಹನ್ನೊಂದು ಮಂದಿ ಪ್ರಾಣ ಬಿಟ್ಟರು. ಅವರಲ್ಲಿ ಬಹುಮಂದಿ ಎಳೆಯರು. ಬಟ್ಟಲನ್ನು ಕಣ್ಣಾರೆ ನೋಡಲು ಮೆಟ್ರೋ ಹಿಡಿದು, ಬಸ್ಸು ಹಿಡಿದು ಬಂದವರು. ನಮ್ಮ ಮನೆಗಳಲ್ಲಿಯೂ ಆ ಸಂಜೆ ಮಕ್ಕಳ ಫೋನು ಸಿಗದೆ ತಳಮಳಿಸಿದ ತಾಯಂದಿರು ಎಷ್ಟೋ ಮಂದಿ.

ಕಲಕತ್ತೆಗೂ ಇಂಥ ಒಂದು ದಿನ ಇದೆ. ೧೯೮೦ರ ಆಗಸ್ಟ್ ೧೬ರಂದು ಈಡನ್ ಗಾರ್ಡನ್ಸ್‌ನಲ್ಲಿ ಮೋಹನ್ ಬಗಾನ್ ಮತ್ತು ಈಸ್ಟ್ ಬೆಂಗಾಲ್ ಪಂದ್ಯದ ವೇಳೆ ಗಲಭೆಯೆದ್ದು, ನೂಕುನುಗ್ಗಲಿನಲ್ಲಿ ಹದಿನಾರು ಮಂದಿ ಪ್ರೇಕ್ಷಕರು ಸತ್ತರು. ಅಲ್ಲಿಯವರು ಆ ದಿನವನ್ನು ಮರೆಯಲು ಬಿಡಲಿಲ್ಲ. ಆಗಸ್ಟ್ ೧೬ನ್ನು ಫುಟ್‌ಬಾಲ್ ಪ್ರೇಮಿಗಳ ದಿನವೆಂದು ಕರೆದು, ಸತ್ತವರ ನೆನಪಿಗೆ ರಕ್ತದಾನ ಶಿಬಿರ ನಡೆಸುತ್ತ ಬಂದಿದ್ದಾರೆ. ಹಿಲ್ಸಾದವರೂ ಸೀಗಡಿಯವರೂ ಅಂದು ಒಂದೇ ಸಾಲಿನಲ್ಲಿ ತೋಳು ಚಾಚಿ ಮಲಗುತ್ತಾರೆ.